ಕೆಂಪು ರಬ್ಬರ್ ಸುತ್ತಿದ ಪಂಪು

"ಹ್ಯಾಂಡಲ್ ಬಿಡ್ರೀ!"

ಅವಳು ಬಿಡಲಿಲ್ಲ.

ಎದೆಮಟ್ಟದ ಕೆಸರುನೀರು ಇಡೀ ಬೀದಿಯನ್ನೇ ಎಳೆದುಕೊಂಡು ಹೋಗುತ್ತಿತ್ತು. ಬಾಗಿಲು, ಡ್ರಮ್ಮು, ಯಾರದೋ ಮನೆಯ ಮಂಚ... ಬಂದದ್ದೆಲ್ಲ ಗೋಡೆಗೆ ಬಡಿದು ಚೂರಾಗುತ್ತಿತ್ತು. ಅವಳ ಸೈಕಲ್ಲಿನ ಹಿಂದಿನ ಚಕ್ರ ಚರಂಡಿಯ ಕಂಬಿಗಳಲ್ಲಿ ಸಿಕ್ಕಿಕೊಂಡಿತ್ತು. ಸೈಕಲ್ ಬಿಟ್ಟಿದ್ದರೆ ನಾಲ್ಕೇ ಹೆಜ್ಜೆಗೆ ಮಿಲ್ಲಿನ ಮೆಟ್ಟಿಲು ಸಿಗುತ್ತಿತ್ತು. ಅವಳು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಲ್ಲು ಕಚ್ಚಿ ನಿಂತಿದ್ದಳು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಗಂಡಸೊಬ್ಬ ಆ ಮೆಟ್ಟಿಲಿನಿಂದ ಅವಳ ಬಳಿ ಬಂದಿದ್ದ. ಒಂದು ಸಲ ಕೂಗಿದ. ಎರಡನೇ ಸಲ ಬೈದ. ಮೂರನೇ ಸಲ ಅಂಗಲಾಚಿದ. ನಾಲ್ಕನೇ ಸಲ ಕೇಳಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಬ್ಬಿಣದ ಸೈಕಲ್ ಪಂಪು ಎಳೆದು ಅವಳ ಬಲಗೈ ಬೆರಳುಗಳ ಮೇಲೆ ಬಾರಿಸಿದ.

ಮೂಳೆ ಮುರಿದದ್ದು ಅವಳಿಗೆ ತಿಳಿಯಿತು. ಕೂಗುವಷ್ಟರಲ್ಲಿ ಬಾಯಿ ತುಂಬ ನೀರು. ಅವನು ಪಂಪು ಕೈಬಿಟ್ಟು, ಅವಳ ಜಡೆ ಹಿಡಿದು ಎಳೆದು, ಮೆಟ್ಟಿಲ ಮೇಲೆ ಮೂಟೆಯಂತೆ ಎಸೆದು, ಇನ್ಯಾರದೋ ಕೂಗಿಗೆ ಮತ್ತೆ ನೀರಿಗೆ ಇಳಿದ. ಕಣ್ಣಲ್ಲಿ ಕೆಸರು ತುಂಬಿದ್ದರಿಂದ ಅವನ ಮುಖ ಅವಳಿಗೆ ಕಾಣಲೇ ಇಲ್ಲ, ನೀರಿನ ಮೊರೆತದಲ್ಲಿ ದನಿಯ ಗುರುತೂ ಹತ್ತಲಿಲ್ಲ. ಕಂಡದ್ದು ಪಂಪಿನ ಹಿಡಿಗೆ ಸುತ್ತಿದ್ದ ಕೆಂಪು ರಬ್ಬರ್ ಮಾತ್ರ. ನೋವಿಗೆ ಕಣ್ಣು ಕತ್ತಲಿಟ್ಟಿತು.

ಹದಿನೈದು ದಿನಗಳ ಮೇಲೆ ನೀರು ಇಳಿದಾಗ, ಅವಳು ಹಾರೆ ಹಿಡಿದು ಅದೇ ಬೀದಿಗೆ ಬಂದಳು. ಎರಡು ಬೆರಳಿಗೆ ಪ್ಲಾಸ್ಟರ್ ಹಾಕಿದ್ದರು. ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳಿಗೆ ಆ ಎರಡು ಬೆರಳೇ ಆಸ್ತಿ. ಆದರೆ ಅವಳ ಚಿಂತೆ ಬೆರಳಿನದಲ್ಲ. ಆ ಸೈಕಲ್ ಅಪ್ಪನದು. ಹೋದ ವರ್ಷ ಅಪ್ಪ ತೀರಿಕೊಂಡ. ಅಪ್ಪನ ಫೋಟೋ, ಅಂಗಿ, ಕನ್ನಡಕ ಎಲ್ಲವನ್ನೂ ಈ ಪ್ರವಾಹ ನುಂಗಿತು. ಉಳಿದಿದ್ದರೆ ಆ ಸೈಕಲ್ ಒಂದೇ. ಅದನ್ನು ಕಲಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು... ಬಿದ್ದರೂ ಹ್ಯಾಂಡಲ್ ಬಿಡಬೇಡ ಮಗಳೇ. ಈ ಹುಡುಗಿ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಸಾಯುವುದಕ್ಕೂ ತಯಾರಾಗಿಬಿಟ್ಟಿದ್ದಳು!

ಸೈಕಲ್ ಸಿಕ್ಕಿಕೊಂಡಿದ್ದ ಚರಂಡಿಯ ಮೇಲೆ ಕೆಸರು, ಕಾಂಕ್ರೀಟ್, ಕಬ್ಬಿಣದ ಆಳೆತ್ತರದ ರಾಶಿ ಬಿದ್ದಿತ್ತು. ಅದರ ಪಕ್ಕ, ಅಂಗಡಿ ಕೊಚ್ಚಿಹೋದ ಸೈಕಲ್ ರಿಪೇರಿಯವನು ಟಾರ್ಪಾಲಿನ ಕೆಳಗೆ ಎರವಲು ತಂದ ಸ್ಪ್ಯಾನರ್ ಹಿಡಿದು ಕೂತಿದ್ದ. ಅವಳ ಪ್ಲಾಸ್ಟರ್ ನೋಡಿದವನೇ ತಲೆ ತಗ್ಗಿಸಿದ. ಆಮೇಲೆ ಎದ್ದು ಬಂದು, ಕೇಳದೆಯೇ ಅವಳ ಕೈಯಿಂದ ಹಾರೆ ತೆಗೆದುಕೊಂಡ.

ಜೊತೆಗೆ ಬಂದಿದ್ದ ಚಿಕ್ಕಮ್ಮ ಹುಬ್ಬು ಹಾರಿಸಿದಳು. ಆ ಹೆಂಗಸಿನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

ಅಂದಿನಿಂದ ದಿನವೂ ಅಗೆತ. ಅವನು ಕಾಂಕ್ರೀಟ್ ಒಡೆಯುತ್ತಿದ್ದ, ಅವಳು ಎಡಗೈಯಲ್ಲಿ ಎಳೆದು ಹಾಕುತ್ತಿದ್ದಳು. ಗುಜರಿಯವರು ರಾಶಿಗೆ ಕೈ ಹಾಕಿದ ದಿನ ಅವನು ಇಬ್ಬರೊಡನೆ ಕೆಸರಲ್ಲಿ ಬಿದ್ದು ಹೊಡೆದಾಡಿ, ತುಟಿ ಒಡೆಸಿಕೊಂಡ. ಅವಳು ದುಪಟ್ಟಾ ಅಂಚಿನಿಂದ ರಕ್ತ ಒರೆಸಿದಳು. ಒರೆಸಿ ಮುಗಿದ ಮೇಲೂ ಕೈ ಅಲ್ಲೇ ಇತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರಂತೆ ಇದ್ದರು.

ಅವನು ಮಾತಾಡುತ್ತಿದ್ದುದು ಸೈಕಲ್ ಬಗ್ಗೆ ಮಾತ್ರ. ಮುಳುಗಿದ ಸೈಕಲ್ಲನ್ನು ಉರುಳಿಸಲೇಬಾರದಂತೆ. ಚಕ್ರ ಒಂದು ಸುತ್ತು ತಿರುಗಿದರೂ ಒಳಗೆ ಹೊಕ್ಕ ಮರಳು ಬೇರಿಂಗನ್ನು ಅರೆದುಬಿಡುತ್ತದಂತೆ. ಎಲ್ಲರೂ ಖುಷಿಯಲ್ಲಿ ತಳ್ಳಿಕೊಂಡು ಬಂದು ಕೆಡಿಸುತ್ತಾರಂತೆ. ಅವಳು ಮಾತಾಡುತ್ತಿದ್ದುದು ಆ ಪಂಪಿನವನ ಬಗ್ಗೆ. ಸಿಕ್ಕರೆ ಅವನ ಹತ್ತೂ ಬೆರಳು ಮುರಿಯುತ್ತೇನೆ ಎಂದಳು.

"ಮುರೀರಿ," ಎಂದ ಅವನು ಮೆಲ್ಲಗೆ.

ಪ್ರವಾಹದ ನಂತರ ಅವಳು ನಕ್ಕದ್ದು ಅದೇ ಮೊದಲು. 'ಅಯ್ಯೋ, ಈ ಮನುಷ್ಯ ಇಲ್ಲದಿದ್ದರೆ ನಾನು ಏನಾಗುತ್ತಿದ್ದೆ...' ಎಂದು ಅನ್ನಿಸಿ, ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.

ಒಂಬತ್ತನೇ ದಿನ ಕ್ಯಾರಿಯರ್ ಕಂಡಿತು! ಅವಳು ಮಂಡಿಯೂರಿ ಕೆಸರು ಬಾಚಿದಳು. ಹಿಂದಿನ ಚಕ್ರ ಬಂತು. ಅದರ ಕಡ್ಡಿಗಳ ನಡುವೆ ಒಂದು ಪಂಪು ಸಿಕ್ಕಿಕೊಂಡಿತ್ತು. ಹಿಡಿಗೆ ಕೆಂಪು ರಬ್ಬರ್.

ಅವಳು ಅದನ್ನು ಎಡಗೈಯಲ್ಲಿ ಕಿತ್ತು ತೆಗೆದಳು. ಇದೇ, ಇದರಲ್ಲೇ ಅವನು ಹೊಡೆದದ್ದು ಎಂದಳು.

ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅದು ನನ್ನದು," ಎಂದ.

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ಹುಬ್ಬು ಸೀಳಿತು. ಎಡಗೈಯಾದರೂ ಅವಳು ಇದ್ದಬದ್ದ ಬಲವೆಲ್ಲ ಹಾಕಿ ಹೊಡೆದಳು, ಅದೇ ಪಂಪಿನಲ್ಲಿ. ಅವನು ಕೈ ಅಡ್ಡ ತರಲಿಲ್ಲ. ರಕ್ತ ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಯಾಕೆ ಮೊದಲೇ ಹೇಳಲಿಲ್ಲ?"

"ಹೇಳಿದ್ರೆ ನೀವು ಒಬ್ಬರೇ ಅಗೀತಿದ್ರಿ."

"ಕ್ಷಮೆ ಕೇಳಿ."

"ಬೆರಳು ಮುರಿದಿದ್ದಕ್ಕೆ ಸಂಕಟ ಇದೆ. ಹೊಡೆದಿದ್ದಕ್ಕೆ ಇಲ್ಲ. ಮತ್ತೆ ಹಾಗೇ ಆದ್ರೆ, ಮತ್ತೆ ಹೊಡೀತೀನಿ."

ಅವಳು ಪಂಪನ್ನು ಅವನ ಎದೆಗೆ ಎಸೆದು ಹೋದಳು. ದಾರಿಯುದ್ದಕ್ಕೂ ಅತ್ತಳು. ಸಿಟ್ಟಿಗಿಂತ ಹೆಚ್ಚು ನೋಯುತ್ತಿದ್ದುದು, ಆ ಸೀಳಿದ ಹುಬ್ಬನ್ನು ಈಗಲೇ ಹೋಗಿ ಒತ್ತಿಹಿಡಿಯಬೇಕು ಎನ್ನಿಸಿದ್ದು.

ಮರುದಿನ ಬೆಳಿಗ್ಗೆ ಟಾರ್ಪಾಲಿನ ಕೆಳಗೆ ಯಾರೂ ಇರಲಿಲ್ಲ. ಸೈಕಲ್ಲಿನ ಮುಂಭಾಗ ಇನ್ನೂ ಒಂದು ಕಬ್ಬಿಣದ ಗೇಟಿನ ಅಡಿಯಲ್ಲಿತ್ತು. ಪ್ರವಾಹ ಬುಡಸಮೇತ ಕಿತ್ತು ತಂದಿದ್ದ ಮಿಲ್ಲಿನ ದೊಡ್ಡ ಗೇಟು ಅದು. ಚಿಕ್ಕಮ್ಮ ಬೀದಿಯ ಆರು ಜನರನ್ನು ಬೈದು ಎಬ್ಬಿಸಿಕೊಂಡು ಬಂದಳು. ಎಲ್ಲರೂ ಹಾರೆ ಕೊಟ್ಟು ಎತ್ತಿದರು.

ಅಲ್ಲಿ ಹ್ಯಾಂಡಲ್ ಇರಲಿಲ್ಲ. ತಗಡಿನಂತೆ ಚಪ್ಪಟೆಯಾದ ಏನೋ ಒಂದಿತ್ತು. ಬ್ರೇಕು, ಬೆಲ್ಲು, ಅವಳು ಕೈ ಇಟ್ಟಿದ್ದ ಎರಡು ರಬ್ಬರ್ ಹಿಡಿಗಳು, ಎಲ್ಲವೂ ಒಂದಾಗಿ ಜಜ್ಜಿಹೋಗಿದ್ದವು.

ಚಿಕ್ಕಮ್ಮನ ದನಿ ಮೊದಲ ಸಲ ಕುಗ್ಗಿತು. "ಇಲ್ಲಿ ನಿನ್ನ ತಲೆ ಇರ್ತಿತ್ತು ಕಣೇ."

ಅವಳು ಕೂತುಬಿಟ್ಟಳು. ಆ ದಿನ ಈ ಗೇಟು ಕೊಚ್ಚಿಕೊಂಡು ಬಂದದ್ದು ಅವಳ ಬೆನ್ನ ಹಿಂದಿನಿಂದ. ಅವಳಿಗೆ ಕಂಡಿರಲಿಲ್ಲ. ಎದುರಿಗಿದ್ದವನಿಗೆ ಕಂಡಿತ್ತು. ಅಪ್ಪ ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದ? ಮೂರು ಸಲ ಕೇಳುವುದಿರಲಿ, ಮೊದಲ ಸಲವೇ ಹೊಡೆಯುತ್ತಿದ್ದ.

ರಿಪೇರಿಯವನು ಎರಡು ಬೀದಿ ಆಚೆ ತನ್ನ ಅಕ್ಕನ ಮನೆಯ ಜಗಲಿಯಲ್ಲಿ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಏದುಸಿರು ಬಿಡುತ್ತಾ ಬಂದವಳನ್ನು ನೋಡಿ ಎದ್ದು ನಿಂತ. ಅವಳ ಹೆಗಲ ಮೇಲೆ ಸೈಕಲ್ ಇತ್ತು. ಮೈಯೆಲ್ಲ ಕೆಸರು, ಕತ್ತಿನ ಬಳಿ ಕಬ್ಬಿಣ ತರಚಿ ರಕ್ತ.

"ತಳ್ಕೊಂಡು ಬರಬಹುದಿತ್ತಲ್ಲ," ಎಂದಳು ಅಕ್ಕ.

"ಚಕ್ರ ತಿರುಗಿಸಬಾರದು ಅಂತ ಇವರು ಹೇಳಿದ್ರು," ಎಂದಳು ಅವಳು.

ಅವನು ಅವಳ ಹೆಗಲಿನಿಂದ ಸೈಕಲ್ ಇಳಿಸಿಕೊಂಡ. ಅಕ್ಕ ಏನೋ ನೆಪ ಹೇಳಿ ಒಳಗೆ ಹೋದಳು.

ಗೇಟು ಬರುತ್ತಿತ್ತೆಂದು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಅಷ್ಟು ಏಟು ಯಾಕೆ ತಿಂದಿರಿ ಎಂದೂ ಕೇಳಿದಳು.

"ಹೇಳಿದ್ರೆ ನೀವು ಉಪಕಾರ ತೀರಿಸೋಕೆ ಬರ್ತಿದ್ರಿ. ನನಗೆ ಅದು ಬೇಕಿರಲಿಲ್ಲ."

"ಮತ್ತೇನು ಬೇಕಿತ್ತು?"

"ನೀವು..."

ಅವಳು ಪಟ್ಟಿಯ ಮೇಲೆ ಬೆರಳಿಟ್ಟಳು. ನೋವಾಗುತ್ತದೆಯೇ ಎಂದು ಕೇಳಲಿಲ್ಲ. ಕೇಳುವ ಮೊದಲೇ ಅವಳೇ ಅಳುತ್ತಿದ್ದಳು.

"ಹ್ಯಾಂಡಲ್ ಹೊಸದು ಹಾಕಬೇಕು," ಎಂದ ಅವನು. "ನಿಮ್ಮಪ್ಪ ಹಿಡಿದಿದ್ದು ಉಳಿಯಲ್ಲ."

"ಹಾಕಿ." ಅವಳು ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ ನೀರು ಬಂದ್ರೆ?"

"ಮೂರು ಸಲ ಕೇಳ್ತೀನಿ. ಆಮೇಲೆ..."

"ಒಂದೇ ಸಲ ಕೇಳಿ ಸಾಕು. ಸೈಕಲ್ ಬಿಟ್ಬಿಡ್ತೀನಿ."

ಪ್ಲಾಸ್ಟರ್ ಕಟ್ಟಿದ ಕೈಯನ್ನು ಅವನ ಕೈಯಲ್ಲಿ ಇಟ್ಟಳು.

"ಇದನ್ನ ಮಾತ್ರ ಹೊಡೆದ್ರೂ ಬಿಡಲ್ಲ."