ನಾಲ್ಕು ಅಡಿ ಈಚೆಗೆ

“ಅದೇ ಜಾಗ ತಾನೇ ಕೈಲಾಸ್?”

“ಅದೇ ಮೇಡಂ.”

ಪ್ರಕೃತಿಗೆ ನಾನು ಹೇಳಿದ ಸುಳ್ಳು ಇದೊಂದೇ.

ಬನಶಂಕರಿಯ ಕಾಲೇಜೊಂದರ ಸಿವಿಲ್ ಲ್ಯಾಬ್‌ನಲ್ಲಿ ನಾನು ಅಸಿಸ್ಟೆಂಟ್. ಜಯನಗರದ ಪ್ರಕೃತಿ ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದಳು. ಮಳೆ ಬಂದಾಗ ಗೊಟ್ಟಿಗೆರೆಯ ಒಂದು ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಅಳೆಯುವುದು ಅವಳ ಕೆಲಸ. ಕಾಲುವೆಗೆ ಅಡ್ಡಲಾಗಿ, ನಡುವೆ ‘ವಿ’ ಆಕಾರಕ್ಕೆ ಕತ್ತರಿಸಿದ ತಗಡು ನಿಲ್ಲಿಸಿದ್ದೆವು. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ನೀರಿನ ಮಟ್ಟ ಓದಲು ಒಂದು ಸ್ಕೇಲ್. ತಗಡಿನ ಹತ್ತಿರ ಬರುತ್ತಿದ್ದಂತೆ ನೀರು ತಗ್ಗುತ್ತದೆ, ಹಾಗಾಗಿ ಸ್ಕೇಲ್ ದೂರವೇ ಇರಬೇಕು. ಹತ್ತು ವರ್ಷದಿಂದ ಹುಡುಗರಿಗೆ ಇದನ್ನು ಹೇಳಿಕೊಟ್ಟವನು ನಾನೇ, ಮಹಾ ಬುದ್ಧಿವಂತ.

ಮಳೆ ಬಂದಾಗಲೆಲ್ಲ ನನ್ನ ಬೈಕಿನಲ್ಲಿ ಹೋಗುತ್ತಿದ್ದೆವು. ಸ್ಕೇಲಿನ ಪಕ್ಕದ ಕಲ್ಲಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ಅವಳು ಮಟ್ಟ ಓದುತ್ತಿದ್ದಳು. ನಾನು ಬರೆದುಕೊಳ್ಳಬೇಕಿತ್ತು.

“ಬರ್ಕೊಂಡ್ರಾ?”

“ಇನ್ನೊಂದ್ಸಲ ಹೇಳಿ ಮೇಡಂ.”

“ಕಿವಿ ಕೇಳ್ಸಲ್ವಾ?”

“ಕಿವಿ ಚೆನ್ನಾಗೇ ಇದೆ. ಕಣ್ಣು ಬೇರೆ ಕಡೆ ಇತ್ತು.”

ಕೋಪ ಬಂದವಳ ಹಾಗೆ ತಿರುಗುತ್ತಿದ್ದಳು. ನಗು ಮುಚ್ಚಿಡಲು ಅವಳಿಗೆ ಬರುತ್ತಲೇ ಇರಲಿಲ್ಲ. ಕಾಲುವೆ ಪಕ್ಕದ ಮನೆಯ ಅಜ್ಜಿ ಸಿದ್ದಗಂಗಮ್ಮ ಟೀ ಕೊಡುತ್ತಾ, “ನಂಗೆ ಮದ್ವೆ ಊಟ ಹಾಕ್ಸೋದು ಯಾವಾಗಪ್ಪ?” ಎಂದು ನನ್ನನ್ನೇ ಕೇಳುತ್ತಿದ್ದರು.

ಜುಲೈಯಲ್ಲಿ ಒಂದು ದಿನ ಅವಳು ಆ ಕಲ್ಲಿನಿಂದ ಜಾರಿದಳು. ಮುಂಗೈ ಹಿಡಿದು ಎಳೆದುಕೊಂಡೆ. ಅವಳು ನಕ್ಕಳು, ನನಗೆ ಮಾತ್ರ ಆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅದೇ ವಾರ ದೊಡ್ಡ ಮಳೆಗೆ ಸ್ಕೇಲ್ ಕಿತ್ತುಹೋಯಿತು, ಅದರ ಜಾಗಕ್ಕೆಂದು ದಡದ ಮೇಲೆ ಹಚ್ಚಿದ್ದ ಗುರುತಿನ ಬಣ್ಣವೂ ಅಳಿಸಿತು. ಮತ್ತೆ ನೆಡಲು ನಾನೊಬ್ಬನೇ ಹೋದೆ. ಪಾಚಿ ಹಿಡಿದ ಆ ಕಲ್ಲು ನೋಡಿ, ಇವಳು ಮತ್ತೆ ಜಾರಿದರೆ ಏನು ಗತಿ ಎಂದುಕೊಂಡೆ. ನಾಲ್ಕು ಅಡಿಯಿಂದ ಏನು ಮಹಾ ಆಗುತ್ತದೆ ಅಂದುಕೊಂಡು, ತಗಡಿನ ಕಡೆಗೆ, ಕಾಲುವೆಗಿಳಿಯುವ ಮೆಟ್ಟಿಲ ಪಕ್ಕದಲ್ಲೇ ನೆಟ್ಟುಬಿಟ್ಟೆ. ಅವಳು ಕೇಳಿದಳು, ನಾನು ಅದೇ ಜಾಗ ಎಂದೆ. ಮಳೆಗೆ ದಡದ ಚಹರೆಯೇ ಬದಲಾಗಿತ್ತು, ನಂಬಿದಳು.

ಮಳೆಗಾಲ ಮುಗಿದಾಗ ಅವಳೇ ಹೇಳಿದಳು: “ಥೀಸಿಸ್ ಕೊಟ್ಟ ದಿನ ಅಪ್ಪನ ಹತ್ರ ನಮ್ ವಿಷ್ಯ ಮಾತಾಡ್ತೀನಿ. ಆವತ್ತಿಂದ ನನ್ನ ಮೇಡಂ ಅನ್ನೋ ಹಾಗಿಲ್ಲ.”

ಆಮೇಲೆ ಅವಳು ಲೆಕ್ಕಕ್ಕೆ ಕುಳಿತಳು. ಅಷ್ಟು ಮಳೆಗೆ ಇಷ್ಟು ಕಡಿಮೆ ನೀರು ಹೇಗೆ? ಮತ್ತೆ ಮತ್ತೆ ಮಾಡಿದಳು. ಕಣ್ಣ ಕೆಳಗೆ ಕಪ್ಪಾಯಿತು. “ನಂಗೇ ಏನೂ ಬರಲ್ಲ ಅನ್ಸುತ್ತೆ ಕೈಲಾಸ್,” ಎಂದು ಲ್ಯಾಬಿನಲ್ಲಿ ಅತ್ತಳು. ಸಿದ್ದಗಂಗಮ್ಮನ ಮನೆ ಮುಂದೆ ಹಾಕುವ ಹೊಸ ಪೈಪು ಎಷ್ಟು ದೊಡ್ಡದಿರಬೇಕು ಎಂಬುದನ್ನೂ ಈ ಲೆಕ್ಕ ನೋಡಿಯೇ ಗೊತ್ತು ಮಾಡುವುದಿತ್ತು; ಪೈಪು ಚಿಕ್ಕದಾದರೆ ನೀರು ಅವರ ಮನೆಗೇ ನುಗ್ಗುತ್ತದೆ. ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಅಂತಾರಲ್ಲ, ಹಾಗಾಯಿತು. ಹೇಳಿಬಿಟ್ಟೆ.

ಅವಳು ಎದ್ದಳು. ಟೇಪ್ ತೆಗೆದುಕೊಂಡು ಹೊರಟಳು. ಕಾಲುವೆಯಲ್ಲಿ ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು. ನಾಲ್ಕು ಅಡಿ, ಒಂದು ಇಂಚು.

“ಒಂದು ಮಳೆಗಾಲದ ಕೆಲ್ಸ ಪೂರ್ತಿ ಹೋಯ್ತು,” ಎಂದಳು.

“ನೀವು ಮತ್ತೆ ಬೀಳ್ತೀರಾ ಅಂತ...”

“ಗೊತ್ತು. ನಂಗೋಸ್ಕರಾನೇ ಮಾಡಿದ್ರಿ. ಇನ್ನೊಂದು ಮಳೆಗಾಲ ಬೇಕಾದ್ರೆ ಕಾಯ್ತೀನಿ, ಅದೇನು ದೊಡ್ಡದಲ್ಲ.” ಟೇಪನ್ನು ನಿಧಾನವಾಗಿ ಸುತ್ತಿದಳು. “ಆದ್ರೆ ಇನ್ಮೇಲೆ ನೀವು ಏನೇ ಹೇಳಿದ್ರೂ ನಾನು ಅಳೆದು ನೋಡ್ತೀನಿ. ಜೀವನ ಪೂರ್ತಿ ಹಾಗಿರೋಕೆ ನನ್ ಕೈಲಾಗಲ್ಲ.”

“ಪ್ರಕೃತಿ,” ಎಂದೆ. ಮೊದಲ ಸಲ.

ಅವಳ ಕಣ್ಣು ತುಂಬಿತು. “ಈಗ ಬೇಡ,” ಎಂದಳು.

ಈ ವರ್ಷ ಅವಳ ಜೊತೆ ಕಾಲುವೆಗೆ ಹೋಗುವವನು ಶಶಿಕಾಂತ್, ಲ್ಯಾಬಿನ ಇನ್ನೊಬ್ಬ ಅಸಿಸ್ಟೆಂಟ್. ನನ್ನ ಹೆಸರು ಅವಳು ಯಾರ ಬಳಿಯೂ ಎತ್ತಲಿಲ್ಲ, ಸ್ಕೇಲಿನ ಜಾಗ ತಪ್ಪಿತ್ತು ಎಂದಷ್ಟೇ ಗೈಡ್‌ಗೆ ಹೇಳಿದ್ದಾಳೆ.

ಕಳೆದ ಭಾನುವಾರ ತಡೆಯಲಾಗದೆ ಗೊಟ್ಟಿಗೆರೆಗೆ ಹೋದೆ. ಸ್ಕೇಲ್ ಮೊದಲಿನ ಜಾಗದಲ್ಲೇ ಇತ್ತು. ಸಿದ್ದಗಂಗಮ್ಮ ಟೀ ಕೊಟ್ಟರು. ಊಟದ ಮಾತು ಎತ್ತಲಿಲ್ಲ.

“ಮಳೆ ಬಂದ್ರೆ ಸಾಕು, ಬಂದ್ಬಿಡ್ತಾಳೆ ಆ ಹುಡುಗಿ,” ಎಂದರು. “ಅದೇ ಪಾಚಿ ಕಲ್ಲಿನ್ ಮೇಲೆ ಬಗ್ಗಿ ಓದ್ತಾಳೆ. ಒಂದು ಸಲಾನೂ ಜಾರ್ಲಿಲ್ಲ ಕಣಪ್ಪ.”

ಒಳ್ಳೆಯದಾಯಿತು ಅಜ್ಜಿ, ಎಂದೆ. ನಿಜವಾಗಿಯೂ ಸಂತೋಷವೇ ಆಯಿತು. ಅಳು ಮಾತ್ರ ನಿಲ್ಲಲಿಲ್ಲ.