ಸಿಂಹಾಸನದ ಎದುರಿನ ಕನ್ನಡಿ

ಕುಂಭಸಾಗರದ ರಾಜಬೀದಿಯಲ್ಲಿ ಕುದುರೆಲದ್ದಿಯ ನಾತವೂ ಪನ್ನೀರಿನ ಪರಿಮಳವೂ ಒಂದಾಗಿ ಮೂಗಿಗಡರುತ್ತಿದ್ದವು. ಅಂಗಡಿ ಅಂಗಡಿಯಲ್ಲೂ ಅಂಗೈಯಗಲದ ಗಾಜಿನ ಕನ್ನಡಿಗಳು ತೂಗುತ್ತಿದ್ದು, ಸಾಸಿವೆ ಕೊಳ್ಳಲು ಬಂದವನೂ ಮೀಸೆ ತಿರುವಿಕೊಂಡೇ ಮುಂದೆ ಸಾಗುತ್ತಿದ್ದ. ಈ ರೋಗವನ್ನು ಊರಿಗೆ ತಂದವನು ತಾನೇ ಎಂಬುದು ಭಂಡಾರದ ಮಂತ್ರಿ ಸಾಂತಪ್ಪಶೆಟ್ಟಿಗೆ ಗೊತ್ತಿತ್ತು. ಪರದೇಶದ ಹಡಗಿನಿಂದ ಆಳೆತ್ತರದ ಮೊದಲ ಕನ್ನಡಿಯನ್ನು ಕೊಂಡು ಅರಸ ವೀರಮಾರಸನಿಗೆ ಕಾಣಿಕೆಯಿತ್ತವನು ಅವನೇ.

ಅರಸ ಅದನ್ನು ಸಿಂಹಾಸನದ ಎದುರಿನ ಕಂಬಕ್ಕೆ ನಿಲ್ಲಿಸಿದ. ಅರಸನ ಬೆನ್ನ ಹಿಂದೆ ನಿಲ್ಲುವುದು ಆಪ್ತರ ಹಕ್ಕು. ಅಲ್ಲಿ ಆಕಳಿಸುವುದು, ಕಣ್ಣು ಮಿಟುಕಿಸುವುದು ತಲೆಮಾರುಗಳಿಂದ ಬಂದ ಸುಖ. ಕನ್ನಡಿ ಬಂದದ್ದೇ ತಡ, ಬೆನ್ನ ಹಿಂದಿನ ಮುಖಗಳೆಲ್ಲ ಅರಸನಿಗೆ ಕಾಣತೊಡಗಿ, ಆ ಸಾಲೆಲ್ಲ ಮುಗುಳ್ನಗೆಯ ಅಭ್ಯಾಸಕ್ಕಿಳಿಯಿತು. ಅರಸನ ಭಾವಮೈದುನ ಕಾಟರಸನಂತೂ ನಗು ಕಲಿಯಲು ಮನೆಯಲ್ಲಿ ನಟನೊಬ್ಬನನ್ನೇ ಸಾಕಿಕೊಂಡ. ಹಾಲುಗಲ್ಲದ ಮಕ್ಕಳಿಗೂ ಅದೇ ಪಾಠ. ಬೆಣ್ಣೆ ಬಳಿದಂಥ ಆ ಮುಖಗಳನ್ನು ಕಂಡಾಗಲೆಲ್ಲ ಶೆಟ್ಟಿ ತಾನು ತಂದ ಸರಕನ್ನು ಶಪಿಸುತ್ತಿದ್ದ.

ಗಂಟಿಕ್ಕಿದ ಹುಬ್ಬನ್ನು ಸಡಿಲಿಸದವನು ದಳವಾಯಿ ಬೊಪ್ಪಯ್ಯನೊಬ್ಬನೇ.

“ಪ್ರಭುಗಳು ಕಣ್ಣಾರೆ ಕಾಣುತ್ತಿದ್ದೀರಿ,” ಎಂದ, ದಳವಾಯಿಯ ಪದವಿಗೆ ಬಾಯ್ಬಿಡುತ್ತಿದ್ದ ಕಾಟರಸ. “ಕೋಟೆಯ ಬೀಗದಕೈ ಹಿಡಿದವನ ಮೋರೆಯಲ್ಲಿ ದ್ರೋಹವಲ್ಲದೆ ಇನ್ನೇನಿದೆ?”

ನಾಳಿನ ಸಭೆಯಲ್ಲೂ ಇದೇ ಮೋರೆ ಕಂಡರೆ ಆನೆಯ ಕಾಲಿಗೆ ಹಾಕಿಸುವೆನೆಂದು ಅರಸ ಕನ್ನಡಿಗೇ ಹೇಳಿದ.

ಶೆಟ್ಟಿ ದಳವಾಯಿಯ ಮನೆಗೆ ಧಾವಿಸಿದ. “ಒಂದು ಸಲ ಹಲ್ಲು ಕಿರಿದರೆ ಗಂಟೇನು ಹೋಗುತ್ತದಯ್ಯ?”

“ಶೆಟ್ಟರೇ, ಈ ಮೋರೆ ನಮ್ಮಪ್ಪ ಕೊಟ್ಟದ್ದು. ನಿಮ್ಮ ಸರಕಿಗೆ ಒಗ್ಗದಿದ್ದರೆ ಸರಕನ್ನು ತಿದ್ದಿಕೊಳ್ಳಿ.”

ಮರುದಿನ ಬೊಪ್ಪಯ್ಯ ಅದೇ ಹುಬ್ಬು ಹೊತ್ತು ಬಂದು ನಿಂತ. ಮಾವುತನನ್ನು ಕರೆಯಲು ಅರಸ ಕೈಯೆತ್ತಿದ. ಕೆಟ್ಟ ಸರಕಿನ ನಷ್ಟ ತಂದವನದೇ ಎಂದು ಬಗೆದು, ಶೆಟ್ಟಿ ತನ್ನ ಬೆಳ್ಳಿಯ ಬೆತ್ತವನ್ನು ಬೀಸಿ ಕನ್ನಡಿಗೆ ಎಸೆದ.

ಕೋವಿ ಸಿಡಿದಂಥ ಸದ್ದು. ನಗುತ್ತಿದ್ದವರೆಲ್ಲ ಬಾಗಿಲಿಗೆ ಓಡಿದರು. ಕಾಟರಸ ಚಾಮರದವಳ ಸೆರಗಿನ ಹಿಂದೆ ಕುಕ್ಕರಿಸಿದ. ಬೊಪ್ಪಯ್ಯ ಅರಸನ ಮುಂದೆ ಹಾರಿ ಎದೆಯೊಡ್ಡಿದ್ದ. ಅವನ ತೋಳಲ್ಲಿ ಗಾಜು ನೆಟ್ಟು ನೆತ್ತರು ತೊಟ್ಟಿಕ್ಕುತ್ತಿತ್ತು. ಅರಸ ಆಗ ಬಹುಕಾಲದ ಮೇಲೆ ಕತ್ತು ಹೊರಳಿಸಿ ಹಿಂದೆ ನೋಡಿದ. ಅಲ್ಲಿದ್ದದ್ದು ಬಿದ್ದ ಪೇಟಗಳು ಮಾತ್ರ.

“ದಳವಾಯಿಗೆ ವೈದ್ಯರನ್ನು ಕರೆಸಿ. ಕಾಟರಸ ಗಡಿ ದಾಟಲಿ,” ಎಂದ ಅರಸ. ಬಳಿಕ ಶೆಟ್ಟಿಯತ್ತ ತಿರುಗಿ, “ಇನ್ನೊಂದು ತರಿಸಿ ಶೆಟ್ಟರೇ. ಇದಕ್ಕಿಂತ ದೊಡ್ಡದು,” ಎಂದ.

ಶೆಟ್ಟಿ ಮಂತ್ರಿಪದವಿಯ ಮುದ್ರೆಯುಂಗುರವನ್ನು ಕಳಚಿ ಸಿಂಹಾಸನದ ಮೆಟ್ಟಿಲ ಮೇಲಿಟ್ಟ. “ಬೇರೆ ವರ್ತಕನನ್ನು ನೋಡಿಕೊಳ್ಳಿ, ಪ್ರಭು.”

ಅವನು ಹೊರಡುವಾಗ, ಮರಳಿ ಬಂದ ಆಪ್ತರು ಪೇಟ ಹುಡುಕುವ ನೆವದಲ್ಲಿ ಬಾಗಿ, ನೆಲದ ಚೂರುಗಳಲ್ಲಿ ತಮ್ಮ ತಮ್ಮ ನಗುವನ್ನು ಸರಿಪಡಿಸಿಕೊಳ್ಳುತ್ತಿದ್ದರು.