ಟೇಪಿನ ಆ ತುದಿ

ಇದು ನಡೆದದ್ದು ಮಟಮಟ ಮಧ್ಯಾಹ್ನ. ನಾನೇನೂ ಕುಡಿದಿರಲಿಲ್ಲ.

ಅಣ್ಣನೂ ನಾನೂ ಇಪ್ಪತ್ತು ವರ್ಷ ಜೊತೆಯಲ್ಲೇ ಗಾರೆ ಕೆಲಸ ಮಾಡಿದವರು. ಹತ್ತಿ ನಿಂತಿದ್ದ ಸಾರುವೆ ಕುಸಿದು ಅಣ್ಣ ಹೋದ, ನನ್ನ ಮಂಡಿ ಹೋಯಿತು. ಬೇರೆ ದಾರಿ ಕಾಣದೆ, ನಲವತ್ತೇಳನೇ ವಯಸ್ಸಿನಲ್ಲಿ ಸಮುದಾಯ ಕಾಲೇಜಿಗೆ ಸೇರಿ ಕಂಪ್ಯೂಟರಿನಲ್ಲಿ ಮನೆ ನಕ್ಷೆ ಬಿಡಿಸುವುದನ್ನು ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಅನ್ನುವುದೂ ಸುಳ್ಳೇ, ತಲೆಗೆ ಒಂದೂ ಹತ್ತುತ್ತಿರಲಿಲ್ಲ.

"ಅವರವರ ಮನೆ ಅಳೆದು ಬಿಡಿಸ್ಕೊಂಡು ಬನ್ನಿ" ಅಂದರು ಮೇಷ್ಟ್ರು. ಹೊಸ ಟೇಪು ತಂದೆ. ಮನೆಯಲ್ಲಿ ನಾನೊಬ್ಬನೇ. ನಡುಮನೆಯ ಗೋಡೆಗೆ ತುದಿ ತಾಗಿಸಿಟ್ಟು, ಟೇಪು ಬಿಚ್ಚುತ್ತಾ ಈಚೆ ಗೋಡೆಗೆ ಬಂದವನು ಅಭ್ಯಾಸಬಲದಿಂದ "ಹಿಡ್ಕೊಂಡ್ಯಾ ಅಣ್ಣಾ?" ಅಂದುಬಿಟ್ಟೆ.

ಟೇಪು ಎರಡು ಸಲ ಜಗ್ಗಿ ಬಿಗಿಯಾಯಿತು. ಅಣ್ಣ ಹೂಂ ಅನ್ನುತ್ತಿದ್ದದ್ದೇ ಹಾಗೆ.

ಎಲ್ಲೋ ಸಿಕ್ಕಿಕೊಂಡಿರಬೇಕು ಅಂದುಕೊಂಡು ಅಳತೆ ಬರೆದುಕೊಂಡೆ. ಉಳಿದೆರಡು ಕೋಣೆಗಳಲ್ಲೂ ಹಾಗೇ ಆಯಿತು. ಬೆವರು ಸುರಿಯುವ ಸೆಕೆಯಲ್ಲೂ ಕೈಯಲ್ಲಿದ್ದ ಟೇಪು ಕೊರೆಯುವಷ್ಟು ತಣ್ಣಗಿತ್ತು.

ಮಾರನೇ ದಿನ ಮೇಷ್ಟ್ರು ನನ್ನ ನಕ್ಷೆಯನ್ನು ನಾನು ಜೊತೆಗೆ ಒಯ್ದಿದ್ದ ಮನೆಯ ಹಳೇ ನಕ್ಷೆಯ ಪಕ್ಕ ಇಟ್ಟು ನೋಡಿದರು.

"ಮೂರು ಕೋಣೆನೂ ಸರಿಯಾಗಿ ಒಂದೊಂದು ಇಂಚು ಜಾಸ್ತಿ ಬಂದಿದೆಯಲ್ರೀ. ಆ ಕಡೆ ಹಿಡ್ಕೊಂಡಿದ್ದವ್ರು ಒಂದಿಂಚು ಬಿಟ್ಟು ಹಿಡಿದಿದ್ದಾರೆ. ಯಾರದು?"

ನಾನು ನಕ್ಷೆ ಸುತ್ತಿಕೊಂಡೆ. ಎದ್ದು ಬಂದವನು ಮತ್ತೆ ಆ ಕ್ಲಾಸಿಗೆ ಹೋಗಿಲ್ಲ.

ನಮ್ಮ ಹಳೇ ಟೇಪಿನ ತುದಿ ಸವೆದುಹೋಗಿತ್ತು. ಅದಕ್ಕೇ ಅಣ್ಣ ಯಾವಾಗಲೂ ಒಂದಿಂಚಿನ ಗೆರೆಯನ್ನು ಗೋಡೆಗೆ ಹಿಡಿಯುತ್ತಿದ್ದ, ನಾನು ಬರೆಯುವಾಗ ಒಂದಿಂಚು ಕಳೆಯುತ್ತಿದ್ದೆ.

ಈ ಟೇಪು ಹೊಸದು ಅಂತ ಅವನಿಗೆ ಯಾರೂ ಹೇಳಿಲ್ಲ.